ಗೇಟಿಗೆ ಅಡ್ಡ ನಿಂತ ಕಾರುಗಳನ್ನು ತೆರವುಗೊಳಿಸಿ

ಮಾನ್ಯರೇ,

ಬೆಂಗಳೂರಿನ ಗಾಂಧಿ ಬಜಾರ್ ಸುತ್ತಲಿನ ಅಡ್ಡರಸ್ತೆಗಳಲ್ಲಿ ಅಪರಿಚಿತರು ಮನೆಗಳ ಗೇಟಿಗೆ ಅಡ್ಡಲಾಗಿ ಕಾರು ನಿಲ್ಲಿಸಿ ಹೋಗುವುದು ನಿತ್ಯದ ಕಾಟವಾಗಿದೆ. ಹಬ್ಬ ಹತ್ತಿರವಾದರಂತೂ ಹೇಳತೀರದು. ಕಳೆದ ಗೌರಿ ಹಬ್ಬದ ಹಿಂದಿನ ಸಂಜೆ ನನ್ನ ತಾಯಿಗೆ ಉಸಿರಾಟದ ತೊಂದರೆಯಾಯಿತು. ಆಸ್ಪತ್ರೆಗೆ ಕರೆದೊಯ್ಯಲು ನಮ್ಮ ಕಾರು ಹೊರತೆಗೆಯೋಣವೆಂದರೆ ಗೇಟಿಗೆ ಒತ್ತಿಕೊಂಡು ಬಿಳಿ ಕಾರೊಂದು ನಿಂತಿತ್ತು. 'ಇಲ್ಲಿ ವಾಹನ ನಿಲ್ಲಿಸಬೇಡಿ' ಎಂಬ ಫಲಕ ಗೇಟಿನ ಮೇಲೆಯೇ ಇದೆ. ಕಾರಿನ ಗಾಜಿನ ಬಳಿ ಮೊಬೈಲ್ ಸಂಖ್ಯೆಯ ಚೀಟಿಯೂ ಇರಲಿಲ್ಲ. ಪಕ್ಕದ ಮನೆಯ ಹುಡುಗರು ತಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಾರಿನ ಹಿಂಬದಿಯ ಸಂದಿಯಲ್ಲಿ ಕುರ್ಚಿಯನ್ನು ಓರೆ ಮಾಡಿ ಹೊರತಂದು ಆಟೊ ಹತ್ತಿಸಿದರು. ಬಾಳೆಕಂದು, ಹೂವು ಹಿಡಿದು ಮರಳಿದ ಕಾರಿನ ಮಾಲೀಕರು 'ಐದೇ ನಿಮಿಷವಲ್ಲವೇ' ಎಂದರಂತೆ! ಆ ಮಾತು ಇಂದಿಗೂ ಮನಸ್ಸನ್ನು ಚುಚ್ಚುತ್ತಿದೆ.

ಕಟ್ಟಡದ ಪ್ರವೇಶದ್ವಾರಕ್ಕೆ ಅಡ್ಡಲಾಗಿ ವಾಹನ ನಿಲ್ಲಿಸುವುದು ನಿಯಮಬಾಹಿರ. ಸಂಚಾರಕ್ಕೆ ಅಡ್ಡಿಯಾಗುವಂತೆ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಲು 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪೊಲೀಸರಿಗೆ ಅಧಿಕಾರ ನೀಡಿದೆ. ದಂಡದ ಚೀಟಿ ಮೊಬೈಲಿಗೆ ಬಂದರೆ ಸಾಲದು, ಗೇಟು ತೆರವಾಗಬೇಕು.

ಟೋಯಿಂಗ್ ಸಿಬ್ಬಂದಿಯ ವರ್ತನೆಯ ಬಗ್ಗೆ ಹಿಂದೆ ಕೇಳಿಬಂದ ದೂರುಗಳು ನಿಜವೇ. ಆದ್ದರಿಂದ ಮನೆಯವರು ಚಿತ್ರಸಹಿತ ದೂರು ಕೊಟ್ಟಾಗ ಮಾತ್ರ, ಸಂಚಾರ ಪೊಲೀಸ್ ಅಧಿಕಾರಿಯ ಸಮ್ಮುಖದಲ್ಲಿ ಅಂತಹ ಕಾರನ್ನು ಎಳೆದೊಯ್ಯುವ ವ್ಯವಸ್ಥೆಯಾಗಲಿ. ಮಾರುಕಟ್ಟೆ ಪ್ರದೇಶದ ಪ್ರತಿ ಸಂಚಾರ ಠಾಣೆಗೂ ಹಬ್ಬದ ವಾರದಲ್ಲಿ ಇದಕ್ಕೆಂದೇ ಒಂದು ವಾಹನವನ್ನು ಮೀಸಲಿಡಬೇಕು.

– ನೊಂದ ನಿವಾಸಿ, ಬಸವನಗುಡಿ, ಬೆಂಗಳೂರು