ಗಿನಿಪಿಗ್‌ಗೆ ನಿಂತ ಕೆಮ್ಮು ನಮಗೂ ನಿಲ್ಲುತ್ತದೆಯೇ?

ಮಾನ್ಯ ಸಂಪಾದಕರೇ,

ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ದಾವಣಗೆರೆ ಸೀಮೆಯಲ್ಲಿ ದೂಳಿನ ಕೆಮ್ಮೂ ಶುರು. ಚೀಟಿಯಿಲ್ಲದೆ ಸಿರಪ್ ಕೊಳ್ಳುವವರಿಗೆ ‘ಪ್ರಾಣಿಗಳ ಮೇಲೆ ಸಾಬೀತಾಗಿದೆ’ ಎಂಬ ಮಾತೇ ಧೈರ್ಯ. ಆ ಪ್ರಯೋಗ ಹೇಳುವುದು ಎಷ್ಟು, ಹೇಳದಿರುವುದು ಎಷ್ಟು ಎಂಬುದು ಓದುಗರಿಗೆ ತಿಳಿದಿರಬೇಕು.

ಇಲಿಗೆ ನಮ್ಮಂಥ ಕೆಮ್ಮಿಲ್ಲ, ಅದಕ್ಕೇ ಕೆಮ್ಮಿನ ಮದ್ದಿನ ಪ್ರಯೋಗಕ್ಕೆ ಗಿನಿಪಿಗ್. ಮೊಟ್ಟೆಯ ಬಿಳಿಭಾಗದ ಓವಾಲ್ಬುಮಿನ್ ಪ್ರೋಟೀನನ್ನು ಅಲರ್ಜಿಯ ಪ್ರತಿಕ್ರಿಯೆ ಹೆಚ್ಚಿಸುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜೊತೆ ಹೊಟ್ಟೆಗೆ ಚುಚ್ಚಿ, ಎರಡು–ಮೂರು ವಾರ ಬಿಟ್ಟು, ಅದನ್ನೇ ಮಂಜಿನಂತೆ ಉಸಿರಾಡಿಸಿದರೆ ಅಲರ್ಜಿ ಏಳುತ್ತದೆ. ಬಳಿಕ ಪರೀಕ್ಷಿಸುವ ಮದ್ದು ಕೊಟ್ಟು, ಕೆಮ್ಮು ಬರಿಸುವ ಸಿಟ್ರಿಕ್ ಆಮ್ಲದ ಮಂಜನ್ನು 0.4 ಮೋಲಾರ್ ಸಾಂದ್ರತೆಯಲ್ಲಿ ಬಿಟ್ಟು 10 ನಿಮಿಷದ ಕೆಮ್ಮು ಎಣಿಸುತ್ತಾರೆ. ಸೀನನ್ನು ಕೆಮ್ಮೆಂದು ಎಣಿಸುವುದು ಸಾಮಾನ್ಯ ತಪ್ಪು. ಹಾಗಾಗಿ ಶಬ್ದವನ್ನೂ ಪೆಟ್ಟಿಗೆಯೊಳಗಿನ ಗಾಳಿಯ ಹರಿವನ್ನೂ ದಾಖಲಿಸಬೇಕು. ಯಾವ ಪ್ರಾಣಿಗೆ ಯಾವ ಮದ್ದು ಎಂಬುದು ಎಣಿಸುವವರಿಗೆ ಗೊತ್ತಿರಬಾರದು.

ಹೋಲಿಕೆಗೆ ಬಳಸುವ ಮದ್ದುಗಳೂ ಒಂದೇ ಬಗೆಯವಲ್ಲ. ಅಫೀಮಿನ ಗುಂಪಿನ ಕೊಡೀನ್ ಮೆದುಳಿನಲ್ಲಿ ಕೆಮ್ಮನ್ನು ಅದುಮುತ್ತದೆ, ಶ್ವಾಸನಾಳದ ಉರಿಯೂತ ಹಾಗೇ ಉಳಿಯುತ್ತದೆ. ಗಿನಿಪಿಗ್‌ಗೆ ಕೆ.ಜಿ.ಗೆ 10 ಮಿ.ಗ್ರಾಂ. ಕೊಟ್ಟರೆ, ದೇಹದ ಮೇಲ್ಮೈ ಲೆಕ್ಕದಲ್ಲಿ 60 ಕೆ.ಜಿ. ಮನುಷ್ಯನಿಗೆ ಅದು ಸುಮಾರು 130 ಮಿ.ಗ್ರಾಂ. ಆದರೆ ವಯಸ್ಕರ ಕೆಮ್ಮಿಗೆ ಒಂದು ಸಲಕ್ಕೆ ಕೊಡುವುದು 10–20 ಮಿ.ಗ್ರಾಂ. ಮಾತ್ರ. ಮಂಪರು ಕವಿದ ಪ್ರಾಣಿಯೂ ಕಡಿಮೆ ಕೆಮ್ಮುತ್ತದೆ, ಅದನ್ನು ಮದ್ದಿನ ಗುಣವೆಂದು ಬರೆದುಕೊಂಡರೆ ಪ್ರಯೋಗವೇ ಕೆಟ್ಟಂತೆ. ಸಾಲ್ಬುಟಮಾಲ್ ಬಿಗಿದ ನಾಳ ಸಡಿಲಿಸುತ್ತದೆ. ಸ್ಟೀರಾಯ್ಡ್ ಆದ ಡೆಕ್ಸಾಮೆಥಸೋನ್ ಉರಿಯೂತ ತರುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ದಾಳಿಯನ್ನೇ ತಗ್ಗಿಸುತ್ತದೆ, ಆದರೆ ಗಂಟೆಗಟ್ಟಲೆ ಮುಂಚೆ ಕೊಟ್ಟಿರಬೇಕು.

ಹೆಚ್ಚು ದಾರಿ ತಪ್ಪಿಸುವುದು ಆಂಟಿಹಿಸ್ಟಮಿನ್. ಗಿನಿಪಿಗ್‌ನ ಉಸಿರು ಕಟ್ಟಿಸುವುದು ಮುಖ್ಯವಾಗಿ ಅಲರ್ಜಿಯಲ್ಲಿ ದೇಹವೇ ಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕ, ಆಂಟಿಹಿಸ್ಟಮಿನ್ ತಡೆಯುವುದು ಅದನ್ನೇ. ಮೆಪಿರಮಿನ್ ಎಂಬ ಆಂಟಿಹಿಸ್ಟಮಿನನ್ನು ಮೊದಲೇ ಕೊಡದಿದ್ದರೆ ಎಷ್ಟೋ ಪ್ರಾಣಿಗಳು ಪ್ರಯೋಗದಲ್ಲೇ ಸಾಯುತ್ತವೆ. ಮನುಷ್ಯರ ಉಬ್ಬಸದಲ್ಲಿ ಶ್ವಾಸನಾಳ ಬಿಗಿಸುವ ಬೇರೆ ರಾಸಾಯನಿಕಗಳಾದ ಲ್ಯೂಕೊಟ್ರಿನ್‌ಗಳ ಪಾಲು ದೊಡ್ಡದು, ಹಾಗಾಗಿ ಪ್ರಾಣಿಯಲ್ಲಿ ಗೆದ್ದ ಆಂಟಿಹಿಸ್ಟಮಿನ್ ಮನುಷ್ಯರಲ್ಲಿ ಒಂಟಿಯಾಗಿ ಸೋಲುತ್ತದೆ. ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮಿನ್ ಇದೇ ಗುಂಪಿನದು. ಅದರ ಜೊತೆ ಕಟ್ಟಿದ ಮೂಗು ಬಿಡಿಸುವ ಫಿನೈಲೆಫ್ರಿನ್ ಸೇರಿದ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ತಿಳಿಸಿದ್ದಾರೆ.

ಯಾವ ಪ್ರಾಣಿ, ಕೆ.ಜಿ.ಗೆ ಎಷ್ಟು ಮಿ.ಗ್ರಾಂ., ಯಾವ ಮದ್ದಿನೊಡನೆ ಹೋಲಿಕೆ ಎಂಬುದನ್ನು ಬರೆಯದೆ ‘ಸಾಬೀತು’ ಎಂದು ಜಾಹೀರಾತು ಮಾಡಲು ಬಿಡಬಾರದು. ದೂಳಿನ ದಿನಗಳಲ್ಲಿ ಎದೆಯಲ್ಲಿ ಸುಯ್ಯೆನ್ನುವ ಸದ್ದು, ರಾತ್ರಿ ಕೆಮ್ಮಿ ಎಚ್ಚರವಾಗುವುದು ಇದ್ದರೆ ಬಾಟಲಿ ಬದಲಿಸುತ್ತ ಕೂರದೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿ. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು, ಕ್ಷಯವೂ ಇರಬಹುದು.

– ಔಷಧಶಾಸ್ತ್ರ ಬೋಧಕರು, ದಾವಣಗೆರೆ