ಗೊತ್ತಾದರೆ ಗೊತ್ತಾಗಲಿ ಬಿಡು

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡ್ತೀನಿ. ನಿನ್ನ ಕಾಗದದ ಒಂದು ಮಾತು ಮಾತ್ರ ನನ್ನ ನಿದ್ದೆ ಕೆಡಿಸಿತು. "ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಬಂದೆ ದೊಡ್ಡಮ್ಮ, ಇಲ್ಲಿ ನನಗೆ ಏನೂ ಬರಲ್ಲ. ಇವತ್ತಲ್ಲ ನಾಳೆ ಇವರಿಗೆ ಗೊತ್ತಾಗಿಬಿಡುತ್ತೆ" ಅಂದಿದ್ದೀಯ. ಆಫೀಸಲ್ಲಿ ಸರ್ಕ್ಯೂಟ್ ಬೋರ್ಡು ಟೆಸ್ಟಿಂಗಲ್ಲಿ ಫೇಲ್ ಆದಾಗ ಮಧ್ಯಾಹ್ನದವರೆಗೂ ಯಾರಿಗೂ ಹೇಳದೆ ಕೂತಿದ್ದೆಯಂತೆ.

ಏನು ಗೊತ್ತಾಗುತ್ತೆ? ನೀನು ಹೊಸಬಳು ಅಂತ ತಾನೆ? ಅದು ಅವರಿಗೆ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಗೊತ್ತಿತ್ತು. ಕೆಲಸವನ್ನು ಕೆಲಸದ ಜಾಗದಲ್ಲೇ ಕಲಿಯಬೇಕು ಅಂತ ತಾನೆ 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದದ್ದು? 1973ರಲ್ಲಿ ಎಂಜಿನಿಯರಿಂಗ್ ಓದಿದವರನ್ನೂ ಅದಕ್ಕೆ ಸೇರಿಸಿದರು. ಈ ಕೊರತೆ ನಿನ್ನೊಬ್ಬಳದಲ್ಲ.

ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಗೆ ಸೇರಿದಾಗ ಎಸ್ಸೆಸ್ಸೆಲ್ಸಿ ಪಾಸು, ಲೆಕ್ಕದಲ್ಲಿ ಒಳ್ಳೆ ಮಾರ್ಕ್ಸು. ಟ್ವೀಸರ್ ಹಿಡಿದರೆ ಸಾಸಿವೆಗಿಂತ ಚಿಕ್ಕ ಸ್ಕ್ರೂ ಎಲ್ಲೋ ಹಾರಿಹೋಗುತ್ತಿತ್ತು. ಶಾಲೆಯಲ್ಲಿ ಕಲಿತದ್ದರಲ್ಲಿ ನೆರವಿಗೆ ಬಂದದ್ದು ಯಾವುದು ಗೊತ್ತಾ? ಕಸೂತಿ ಪೀರಿಯಡ್ಡು. ಅದಕ್ಕೆ ಪರೀಕ್ಷೆಯೇ ಇರಲಿಲ್ಲ.

ಜೋಡಿಸಿದ ವಾಚನ್ನು ಟೈಮಿಂಗ್ ಮಷೀನಿನ ಮೇಲೆ ಇಡುತ್ತಿದ್ದೆವು. ಸೆಕೆಂಡಿಗೆ 5 ಸಲ, ಗಂಟೆಗೆ 18,000 ಸಲ ಅದು ಟಿಕ್ ಅನ್ನಬೇಕು. ಕಾಗದದ ಪಟ್ಟಿಯ ಮೇಲೆ ಚುಕ್ಕಿಗಳ ಗೆರೆ ನೇರವಾಗಿ ಬಂದರೆ ಸರಿ. ಓರೆಯಾದರೆ ವಾಚು ಮುಂದಕ್ಕೋ ಹಿಂದಕ್ಕೋ ಓಡುತ್ತಿದೆ ಅಂತ. ನನ್ನ ಗೆರೆ ಓರೆಯಾದಾಗೆಲ್ಲ ಎದೆ ಧಸಕ್ ಅನ್ನುತ್ತಿತ್ತು, ಈಗ ಗೊತ್ತಾಯ್ತು ಇವರಿಗೆ ಅಂತ. ಪಕ್ಕದ ಬೆಂಚಿನ ಹಿರಿಯಾಕೆ ಮಾತ್ರ "ಯಾವ ಕಡೆ ಓರೆ, ಎಷ್ಟು?" ಅಂತ ಖುಷಿಯಿಂದಲೇ ಕೇಳುತ್ತಿದ್ದರು. ವಾಚಿನೊಳಗಿನ ಕೂದಲೆಳೆಯಂಥ ಸುರುಳಿ, ಹೇರ್‌ಸ್ಪ್ರಿಂಗು, ಅದಕ್ಕೆ ಅಯಸ್ಕಾಂತದ ಗುಣ ಹತ್ತಿದರೆ ಸುರುಳಿಗಳು ಅಂಟಿಕೊಂಡು ವಾಚು ಜೋರಾಗಿ ಓಡುತ್ತೆ ಅನ್ನುವುದನ್ನು ಕಲಿತದ್ದು ಹಾಗೇ.

ಕಾಲೇಜಿನ ಲ್ಯಾಬಿನಲ್ಲಿ ರೀಡಿಂಗ್ ಸರಿಬರದಿದ್ದರೆ ಸೀನಿಯರ್ ರೆಕಾರ್ಡ್ ನೋಡಿ ಬರೆದುಬಿಡ್ತೀವಿ ಅಂತ ನೀನೇ ನಕ್ಕಿದ್ದೆ. ನಿನ್ನ ಭಯ ಹುಟ್ಟಿದ್ದು ಅಲ್ಲೇ ಅನ್ನಿಸುತ್ತೆ ನನಗೆ. ಸರಿಬರದ ರೀಡಿಂಗನ್ನು ಮುಚ್ಚಿಟ್ಟವರಿಗೆ ಮಾರ್ಕ್ಸು ಸಿಕ್ಕಿತು. ಕೆಲಸದಲ್ಲಿ ಬೇಕಾಗಿರುವುದೇ ಆ ರೀಡಿಂಗು. ನಿನಗೆ ಸಂಬಳ ಕೊಡುವುದೂ ಅದನ್ನು ಹಿಡಿದು ತೋರಿಸಲಿ ಅಂತ, ಅಲ್ವಾ?

2020ರ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ಕ್ಲಾಸಿನ ಮಕ್ಕಳು 10 ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರರ ಹತ್ತಿರ ಕಲಿಯಲಿ ಅಂತ ಬರೆದಿದ್ದಾರೆ. 10 ದಿನದಲ್ಲಿ ಸುತ್ತಿಗೆ ಹಿಡಿಯುವುದೂ ಬರಲ್ಲ. ಆದರೂ ಯಾರಿಗೋ ಹೊಳೆಯಿತಲ್ಲ, ಸಂತೋಷ.

ನನಗೂ ಒಂದು ಕೊರಗಿದೆ. ಇನ್‌ಸ್ಪೆಕ್ಷನ್ ವಿಭಾಗಕ್ಕೆ ಬರ್ತೀಯಾ ಅಂತ ಒಮ್ಮೆ ಕೇಳಿದ್ದರು. ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯಬೇಕಿತ್ತು. ಬರೆದರೆ ಎಲ್ಲರಿಗೂ ಗೊತ್ತಾಗಿಬಿಡುತ್ತೆ ಅಂತ ಬೇಡ ಅಂದೆ. ನನ್ನ ಜೊತೆ ಸೇರಿದವಳೇ ಹೋದಳು. ಅವಳ ಇಂಗ್ಲಿಷೂ ನನ್ನಷ್ಟೇ ಇತ್ತು. ಹೋದಮೇಲೆ ಕಲಿತಳು. ಅವಳನ್ನು ನೋಡಿದಾಗ ಈಗಲೂ ಒಂಥರಾ ಆಗುತ್ತೆ.

ನಿಮ್ಮ ಮಷೀನು, ಬೋರ್ಡುಗಳ ಬಗ್ಗೆ ಹೇಳಲು ನಾನ್ಯಾರು? ಆದರೂ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೋ. ಎಷ್ಟು ಬರಬೇಕಿತ್ತು, ಎಷ್ಟು ಬಂತು, ಏನೇನು ನೋಡಿದೆ ಅಂತ ಬರೆದುಕೊಂಡು ಹೋಗಿ ಕೇಳು. ಸುಮ್ನೆ "ಬರ್ತಿಲ್ಲ" ಅನ್ನಬೇಡ. ಬೈದರೆ? ಬೈಯಬಹುದು. ಮಧ್ಯಾಹ್ನದವರೆಗೆ ಒಬ್ಬಳೇ ನಡುಗುತ್ತಾ ಕೂರುವುದಕ್ಕಿಂತ ಅದು ಬೇಗ ಮುಗಿಯುತ್ತೆ.

ಭಾನುವಾರ ಬಾ. ಎಲೆಕ್ಟ್ರಾನಿಕ್ ಸಿಟಿಯಿಂದ ಈಗ ಹಳದಿ ಮೆಟ್ರೋ ಇದೆ. ಆರ್.ವಿ. ರೋಡಲ್ಲಿ ಹಸಿರು ಲೈನಿಗೆ ಬದಲಾಯಿಸಿದರೆ ಸೀದಾ ಜಾಲಹಳ್ಳಿ. ನೋಟ್‌ಬುಕ್ಕೂ ತಾ. ನನಗೆ ಅರ್ಥವಾಗುವುದು ಅನುಮಾನ, ಆದರೂ ನೋಡ್ತೀನಿ.

ನಿನ್ನ
ದೊಡ್ಡಮ್ಮ