ಖಣಿ ಸುತ್ತಲಿನ ಬಾವಿ, ಬೋರ್ ನೀರು ಅಳೀರಿ ಅಂತ ಪಂಚಾಯ್ತಿಗಿ ಮನವಿ

ಗೆ,
ಅಧ್ಯಕ್ಷರು ಮತ್ತ ಪಿಡಿಓ ಸಾಹೇಬ್ರು, ಗ್ರಾಮ ಪಂಚಾಯ್ತಿ, ಸೇಡಂ ತಾಲೂಕು, ಕಲಬುರಗಿ ಜಿಲ್ಲಾ

ಶರಣ್ರಿ ಸಾಹೇಬ್ರೆ,

ಮೊದ್ಲೇ ಹೇಳ್ತೀವಿ, ಸುಣ್ಣಕಲ್ಲಿನ ಖಣಿ ಬಂದ್ ಮಾಡ್ರಿ ಅಂತ ಈ ಅರ್ಜಿ ಅಲ್ಲ, ನಮ್ ಓಣಿ ಎಷ್ಟೋ ಹುಡುಗ್ರು ಅಲ್ಲೇ ದುಡೀತಾರ. ನಮ್ ತಕರಾರು ನೀರಿನ ಲೆಕ್ಕದ್ದು. ಹೋದ ಗ್ರಾಮಸಭಾದಾಗ ಬಾವಿ ಬತ್ತಿದ್ದು ಖಣಿಯಿಂದ ಅಂತ ನಾವು, ಮಳಿ ಇಲ್ದಕ್ಕ ಅಂತ ಖಣಿ ಕಡೆಯವರು, ಎರಡು ತಾಸು ಒದರಾಡಿದ್ವಿ, ಯಾರ ಕೈಯಾಗೂ ಒಂದು ಅಂಕಿ ಇರಲಿಲ್ಲ.

ಖಣಿ ಅಂತರ್ಜಲದ ಮಟ್ಟಕ್ಕಿಂತ ಕೆಳಗ ಹೋದ್ರ ಸುತ್ತಲಿನ ನೀರು ಗುಂಡಿಗಿ ಇಳೀತದ, ಅವರು ಪಂಪ್ ಹಚ್ಚಿ ಹಳ್ಳಕ್ಕ ಬಿಡ್ತಾರ. ಸುಣ್ಣಕಲ್ಲಿನಾಗ ನೀರು ಬಿರುಕು ಹಿಡಿದು ಹರೀತದ ನೋಡ್ರಿ, ಅದಕ್ಕ ಒಬ್ಬರ ಬೋರ್ ಒಣಗಿದ್ರ ಪಕ್ಕದ ಹೊಲದವರದ್ದು ತುಂಬೇ ಇರ್ತದ, ಜಗಳ ಹುಟ್ಟೋದೇ ಅಲ್ಲಿ. ಕಲ್ಲಿದ್ದಲು ಖಣಿ ಕಥಿ ಬ್ಯಾರೆ, ಅಲ್ಲಿ ಗಂಧಕ ಇರೋ ಕಲ್ಲಿಗಿ ಗಾಳಿ ನೀರು ತಾಗಿ ನೀರೇ ಹುಳಿ ಆಗ್ತದ, ಮೇಘಾಲಯದ ಜೈಂತಿಯಾ ಗುಡ್ಡದಾಗ ಹೊಳಿ ಹಂಗೇ ಕೆಟ್ಟವು, 2014ರಾಗ ಹಸಿರು ನ್ಯಾಯಮಂಡಳಿ ಅಲ್ಲಿನ ಇಲಿಬಿಲದಂಥ ಖಣಿ ನಿಲ್ಲಿಸ್ತು. ನಮ್ಮಲ್ಲಿ ಹುಳಿ ಇಲ್ಲ, ಗಡಸು ಅದ. ನಮ್ ಜಿಲ್ಲಾಕ್ಕ ತೊಗರಿ ಕಣಜ ಅಂತ ಹೆಸರು, ಮನ್ಯಾಗ ಬ್ಯಾಳಿ ಬೇಯವಲ್ದು, ಸಬಕಾರ ನೊರಿ ಬರವಲ್ದು (ಇದು ಖಣಿಯಿಂದನೇ ಅಂತ ನಾವು ಹೇಳಲ್ಲ, ಈ ಸೀಮಿ ನೀರು ಮೊದಲಿಂದ ಗಡಸು, ಈಗ ಹೆಚ್ಚಾಗ್ಯಾದೋ ಇಲ್ಲೋ ಅನ್ನೋದೇ ತಿಳೀಬೇಕು).

ಅದಕ್ಕ ಖಣಿ ಹತ್ತಿರದ್ದು, ದೂರದ್ದು, ಕಾಗಿಣಾ ಹೊಳಿ ದಂಡಿದ್ದು ಹಿಂಗ ಹತ್ತು ಬಾವಿ-ಬೋರ್ ಆರಿಸಿ ಜನವರಿ, ಮೇ, ಆಗಸ್ಟ್, ನವೆಂಬರ್ ನಾಲ್ಕು ಸಲ ನೀರಿನ ಆಳ ಅಳೆಸ್ರಿ. ದೂರದ್ದು ಯಾಕಂದ್ರ, ಅಲ್ಲೂ ಇಳಿದ್ರ ಬರ, ಹತ್ತಿರದ್ದು ಮಾತ್ರ ಇಳಿದ್ರ ಬ್ಯಾರೆ ಮಾತು. ಮಳಿ ಮಾಪಕದ ಅಂಕಿನೂ ಅದರ ಪಕ್ಕ ಬರೀರಿ. ಲ್ಯಾಬಿಗಿ ಕಳಿಸಿ ಗಡಸುತನ, ಟಿಡಿಎಸ್ (ನೀರಿನಾಗ ಕರಗಿದ ಲವಣ ಎಲ್ಲಾ ಸೇರಿ ಎಷ್ಟು ಅಂತ), ಫ್ಲೋರೈಡ್, ನೈಟ್ರೇಟ್ ನೋಡಿಸ್ರಿ, ಕುಡಿಯೋ ನೀರಿನ ಮಾನದಂಡದಾಗ ಗಡಸುತನ ಲೀಟರಿಗಿ 200 ಮಿ.ಗ್ರಾಂ, ಬ್ಯಾರೆ ನೀರೇ ಇಲ್ದಿದ್ರ 600ರ ತನಕ, ಫ್ಲೋರೈಡ್ 1.5 ದಾಟಬಾರದು. ರಿಸಲ್ಟು ಫೈಲಿನಾಗ ಇಡಬ್ಯಾಡ್ರಿ, ಪಂಚಾಯ್ತಿ ಗೋಡಿಗಿ ಹಚ್ರಿ.

ಪರಿಸರ ಅನುಮತಿ ಪಡೆದ ಖಣಿಯವರು ಆರು ತಿಂಗಳಿಗೊಮ್ಮೆ ಷರತ್ತು ಪಾಲನಾ ವರದಿ ಕೊಡಬೇಕು, ಅದರ ಕಾಪಿ ತರಿಸಿ ಗ್ರಾಮಸಭಾದಾಗ ಕನ್ನಡದಾಗ ಓದ್ರಿ. ದುಡ್ಡಿಲ್ಲ ಅಂತ ಹೇಳಬ್ಯಾಡ್ರಿ, ಖಣಿಯವರು ದುಡ್ಡು ಕಟ್ಟೋ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಾಗ ಕುಡಿಯೋ ನೀರು ಆದ್ಯತೆ ಕೆಲಸಾನೇ, ಠರಾವು ಮಾಡಿ ಜಿಲ್ಲಾಧಿಕಾರಿಗಳಿಗಿ ಕಳಿಸ್ರಿ.

ಬಾವಿ ತೋರ್ಸಾಕ ನಾವು ಬರ್ತೀವಿ, ಹಗ್ಗಾನೂ ಟೇಪೂ ನಮ್ದೇ. ಸಂತಿ ದಿನ ಮಾತ್ರ ಇಡಬ್ಯಾಡ್ರಿ, ಅವತ್ತು ಊರಾಗ ಯಾರೂ ಸಿಗಲ್ಲ.

ಇಂತಿ,
ಊರಿನ ಮಂದಿ (ಸಹಿ, ಹೆಬ್ಬೆಟ್ಟು ಹಿಂದಿನ ಹಾಳ್ಯಾಗ)